ಉಸ್ತಾದರ ಸ್ಕ್ಯಾನರ್ ಮತ್ತು ನನ್ನ ಬಿ.ಎ. ಇಂಗ್ಲಿಷ್

ಕಾರಿನ ವಿಷಯವಾಗಿ ನಾನು ಲೇಖನ ಬರೆದಿದ್ದೇನೆಂದರೆ ಸಂಘದ ಗೆಳತಿಯರು ಖಂಡಿತ ನಗುತ್ತಾರೆ. ಹೋಳಿಗೆಯ ಹೂರಣ ಹದವಾಗಿದೆಯೋ ಇಲ್ಲವೋ ಎಂದು ಕೇಳಿದರೆ ಹೇಳಬಲ್ಲೆ. ಎಂಜಿನ್ನಿನ ಹದ ನನಗೇನು ಗೊತ್ತು? ಸ್ಟೀರಿಂಗ್ ಹಿಡಿದವಳೂ ಅಲ್ಲ. ಆದರೂ ನಮ್ಮ ಗಲ್ಲಿಯ ಮೆಕ್ಯಾನಿಕ್ ಒಬ್ಬರು ತಮ್ಮ ಅಂಗಡಿಗೆ ಸ್ಕ್ಯಾನರ್ ಕೊಳ್ಳುವಾಗ ಎರಡು ತಿಂಗಳು ಅವರ ಜೊತೆ ತಲೆ ಕೆಡಿಸಿಕೊಂಡವಳು ನಾನು. ಮನೆಯಲ್ಲಿ ಕಾರಿಟ್ಟುಕೊಂಡ ಎಲ್ಲರಿಗೂ ಇದರಿಂದ ಒಂದಿಷ್ಟು ಪ್ರಯೋಜನವಾದೀತೆಂದು ಬರೆಯುತ್ತಿದ್ದೇನೆ.

ನಾವಿರುವುದು ನಾಂಪಲ್ಲಿ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ. ಮನೆಯಿಂದ ನಾಲ್ಕು ಬಾಗಿಲಾಚೆ ತಗಡಿನ ಚಾವಣಿಯ ಒಂದು ಶೆಡ್ಡು. ಅದರ ಯಜಮಾನರನ್ನು ಊರೆಲ್ಲ ಉಸ್ತಾದ್ ಎಂದೇ ಕರೆಯುತ್ತದೆ. ಚಿತ್ತಾಪುರದ ಕಡೆಯವರು. ಹದಿನೈದನೆಯ ವಯಸ್ಸಿನಲ್ಲಿ ರೈಲು ಹತ್ತಿ ಇದೇ ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದವರು ಮತ್ತೆ ಊರಿಗೆ ಹೋದದ್ದು ಮದುವೆ ಮುಂಜಿಗಳಿಗೆ ಮಾತ್ರ. ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ, ಆ ಕಡೆಯವರಿಗೆ ಇಂದಿಗೂ ಹೈದರಾಬಾದ್ ಪರಊರು ಅನ್ನಿಸುವುದಿಲ್ಲ. ಗಿರಾಕಿಗಳೊಡನೆ ಹೈದರಾಬಾದಿ ಉರ್ದು, ತೆಲುಗು. ನನ್ನೊಡನೆ ಮಾತ್ರ ಅಚ್ಚ ಕಲಬುರಗಿ ಕನ್ನಡ.

ಎರಡು ವರ್ಷದ ಹಿಂದಿನ ಜನವರಿ. ನುಮಾಯಿಷ್ ನಡೆಯುತ್ತಿತ್ತು. 1938ರಲ್ಲಿ ಪಬ್ಲಿಕ್ ಗಾರ್ಡನ್ಸ್‌ನಲ್ಲಿ ಸಣ್ಣದಾಗಿ ಆರಂಭವಾಗಿ 1946ರಲ್ಲಿ ನಾಂಪಲ್ಲಿಯ ಈಗಿನ ಮೈದಾನಕ್ಕೆ ಬಂದ ಈ ವಸ್ತುಪ್ರದರ್ಶನ ನಮ್ಮ ಪಾಲಿಗೆ ಜಾತ್ರೆ ಇದ್ದ ಹಾಗೆ. ಆ ದಿನಗಳಲ್ಲಿ ಸಂಜೆ ಆರರ ಮೇಲೆ ನಮ್ಮ ರಸ್ತೆಯಲ್ಲಿ ಕಾರು ಓಡುವುದಿಲ್ಲ, ತೆವಳುತ್ತದೆ. ಹಾಗೆ ತೆವಳುತ್ತಿರುವಾಗ ನಮ್ಮ 2014ರ ಪೆಟ್ರೋಲ್ ಕಾರಿನ ಮುಂದೆ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತು. ಗಾಡಿ ನಿಂತಲ್ಲೇ ಗಡಗಡ ನಡುಗತೊಡಗಿತು. ಮರುದಿನ ನಮ್ಮವರು ಒಂದು ದೊಡ್ಡ ಸರ್ವಿಸ್ ಕೇಂದ್ರಕ್ಕೆ ಒಯ್ದರು. ಅಲ್ಲಿ ಯಂತ್ರ ಜೋಡಿಸಿ, "ಆಕ್ಸಿಜನ್ ಸೆನ್ಸರ್ ಕೆಟ್ಟಿದೆ" ಎಂದು ಹೊಸದನ್ನು ಹಾಕಿ ಏಳು ಸಾವಿರದ ಚಿಲ್ಲರೆ ಬಿಲ್ಲು ಕೊಟ್ಟರು. ದೀಪ ಆರಿತು. ಹತ್ತನೆಯ ದಿನ ಮತ್ತೆ ಹತ್ತಿತು.

ಆಗ ಉಸ್ತಾದರ ನೆನಪಾಯಿತು. ಅವರು ಬಾನೆಟ್ ಎತ್ತಿ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸದ್ದು ಕೇಳಿದರು. ಒಂದು ರಬ್ಬರ್ ಪೈಪನ್ನು ಬೆರಳಿನಿಂದ ಒತ್ತಿದರು. ನಡುಗುತ್ತಿದ್ದ ಎಂಜಿನ್ ತಟ್ಟನೆ ಸುಮ್ಮನಾಯಿತು. ಪೈಪಿನ ಕೆಳಭಾಗದಲ್ಲಿ ಕಣ್ಣಿಗೆ ಕಾಣದ ಹಾಗೆ ಸೀಳು ಬಿಟ್ಟಿತ್ತು. ಹೊಸ ಪೈಪಿಗೆ, ಕೂಲಿಗೆ ಸೇರಿ ಐನೂರು ರೂಪಾಯಿ.

ನಾವು ಹೊಗಳಿದೆವು. ಅವರ ಮುಖದಲ್ಲಿ ಮಾತ್ರ ಸಂತೋಷವಿರಲಿಲ್ಲ. "ಅಕ್ಕಾರ, ಪೈಪ್ ಹಾಕೀನಿ ಖರೆ. ಆದ್ರ ಈ ಲೈಟ್ ಬಂದ್ ಮಾಡ್ಲಿಕ್ಕ ನಂದೊಂದು ಮಷಿನ್ ಇಲ್ರಿ. ಬ್ಯಾರೆ ಅಂಗಡಿಗೆ ಒಯ್ದು ಐದುನೂರು ಕೊಟ್ಟು ಮಾಡಿಸ್ಕೊಂಡ್ ಬರ್ಬೇಕು. ಹೊಸಾ ಗಾಡಿ ನನ್ನ ಅಂಗಡಿ ಮುಂದ ನಿಂದ್ರೂದೇ ಬಿಟ್ಟಾವ," ಎಂದರು.

ಅವರ ಮಗ ಐ.ಟಿ.ಐ.ಯಲ್ಲಿ ಮೋಟಾರ್ ಮೆಕ್ಯಾನಿಕ್ ಕೋರ್ಸು ಮುಗಿಸಿದ ಹುಡುಗ. ಸ್ಕ್ಯಾನರ್ ಕೊಂಡರೆ ಮಾತ್ರ ಅಂಗಡಿಯಲ್ಲಿ ನಿಲ್ಲುತ್ತೇನೆ, ಇಲ್ಲವಾದರೆ ಬೇರೆ ಕೆಲಸ ನೋಡಿಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದ. ಅಷ್ಟರಲ್ಲಿ ಒಬ್ಬ ಮಾರಾಟಗಾರ ಬಂದು ಟ್ಯಾಬ್ಲೆಟ್ ತೋರಿಸಿ ಒಂದು ಲಕ್ಷದ ಮೂವತ್ತು ಸಾವಿರ ಎಂದಿದ್ದ. ಉಸ್ತಾದರ ಮನೆಯಾಕೆ ತಮ್ಮ ನಾಲ್ಕು ಬಳೆಗಳನ್ನು ಒತ್ತೆಯಿಡಲು ಬಿಚ್ಚಿಯೂ ಇಟ್ಟಿದ್ದರು. ಮಾರಾಟಗಾರ ಬಿಟ್ಟುಹೋದ ಬಣ್ಣಬಣ್ಣದ ಪುಸ್ತಕ ಹಿಡಿದು ತಂದೆ ಮಗ ಇಬ್ಬರೂ ನಮ್ಮ ಮನೆಗೆ ಬಂದರು. "ನೀವು ಇಂಗ್ಲಿಷಿನಾಗ ಬಿ.ಎ. ಮಾಡೀರಂತ. ಇದರಾಗ ಏನ್ ಬರ್ದದ ಓದಿ ಹೇಳ್ರಿ ಅಕ್ಕಾರ."

ಷೇಕ್ಸ್‌ಪಿಯರನ ನಾಟಕ, ವರ್ಡ್ಸ್‌ವರ್ತ್‌ನ ಕವಿತೆ ಓದಿ ಪದವಿ ಪಡೆದ ಮೇಲೆ ಮೂವತ್ತು ವರ್ಷ ಆ ಇಂಗ್ಲಿಷ್ ನನಗೆ ಉಪಯೋಗಕ್ಕೆ ಬಂದದ್ದು ಮಕ್ಕಳ ಹೋಂವರ್ಕಿಗೆ ಮಾತ್ರ. ಈಗ ಬಳೆಗಳ ಪ್ರಶ್ನೆ. ಕನ್ನಡಕ ಹಾಕಿಕೊಂಡು ಕುಳಿತೆ. ಮಗಳು ಇಂಟರ್ನೆಟ್ಟಿನಿಂದ ಒಂದಿಷ್ಟು ತೆಗೆದುಕೊಟ್ಟಳು, ಹುಡುಗ ತನ್ನ ಐ.ಟಿ.ಐ. ಪುಸ್ತಕ ತಂದ, ಉಸ್ತಾದರು ಎಂಜಿನ್ ಮುಂದೆ ನಿಲ್ಲಿಸಿ ಪಾಠ ಹೇಳಿದರು. ಹಾಗೆ ಕಲಿತದ್ದು ಇಷ್ಟು.

ದೀಪದ ಹಿಂದಿನ ಕಥೆ

ಈಗಿನ ಕಾರುಗಳಲ್ಲಿ ಎಂಜಿನ್ನಿಗೆ ಎಷ್ಟು ಪೆಟ್ರೋಲ್, ಯಾವ ಕ್ಷಣಕ್ಕೆ ಕಿಡಿ ಎಂಬುದನ್ನೆಲ್ಲ ನಿರ್ಧರಿಸುವುದು ಇ.ಸಿ.ಯು. ಎಂಬ ಪುಟ್ಟ ಕಂಪ್ಯೂಟರ್. ಅದಕ್ಕೆ ಸುದ್ದಿ ಮುಟ್ಟಿಸುವವು ಸೆನ್ಸರುಗಳು. ಬರುವ ಗಾಳಿಯೆಷ್ಟು, ನೀರಿನ ಬಿಸಿಯೆಷ್ಟು, ಹೊಗೆಯಲ್ಲಿ ಆಮ್ಲಜನಕವೆಷ್ಟು ಎಂದು ಕ್ಷಣಕ್ಷಣಕ್ಕೂ ವರದಿ. ಲೆಕ್ಕ ತಪ್ಪಿದರೆ ಕಂಪ್ಯೂಟರ್ ಒಂದು ಸಂಕೇತವನ್ನು ಬರೆದಿಟ್ಟುಕೊಂಡು ಹಳದಿ ದೀಪ ಹಚ್ಚುತ್ತದೆ.

ಮೊದಲು ಒಂದೊಂದು ಕಂಪನಿಯದು ಒಂದೊಂದು ಪ್ಲಗ್, ಒಂದೊಂದು ಭಾಷೆ. ವಾಹನದ ಹೊಗೆಯನ್ನು ಹತೋಟಿಗೆ ತರಲು ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಎಲ್ಲರಿಗೂ ಒಂದೇ ಪದ್ಧತಿ ಕಡ್ಡಾಯವಾಯಿತು. ಅದೇ ಓ.ಬಿ.ಡಿ.-2. ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಲ್ಲಿ ಇಂಥದೇ ನಿಯಮ ಬಂತು. ನಮ್ಮಲ್ಲಿ ಭಾರತ್ ಸ್ಟೇಜ್ 4 ನಿಯಮ 2010ರ ಏಪ್ರಿಲ್‌ನಲ್ಲಿ ಹೈದರಾಬಾದ್ ಸೇರಿದಂತೆ ಹದಿಮೂರು ನಗರಗಳಲ್ಲಿ ಜಾರಿಯಾದಾಗ ಓ.ಬಿ.ಡಿ.ಯ ಮೊದಲ ಹಂತ, 2013ರಲ್ಲಿ ಎರಡನೆಯ ಹಂತ ಬಂದವು. 2020ರ ಏಪ್ರಿಲ್‌ನಿಂದ ಸ್ಟೇಜ್ 6. ಉಸ್ತಾದರ ಅಂಗಡಿಗೆ ಹೊಸ ಗಾಡಿಗಳು ಬರುವುದು ನಿಂತದ್ದೇಕೆ ಎಂಬುದು ಈ ಇಸವಿಗಳನ್ನು ಬರೆದುಕೊಂಡಾಗ ನಮಗೆ ಅರ್ಥವಾಯಿತು.

ನಿಮ್ಮ ಕಾರಿನಲ್ಲೂ ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, ಎಂಟೆಂಟರ ಎರಡು ಸಾಲಿನಲ್ಲಿ ಹದಿನಾರು ತೂತುಗಳ ಒಂದು ಪ್ಲಗ್ ಇರುತ್ತದೆ. ಸ್ಕ್ಯಾನರ್ ಜೋಡಿಸುವುದು ಅಲ್ಲಿಗೇ. ಕಾರಿನೊಳಗಿನ ಕಂಪ್ಯೂಟರುಗಳು ಪರಸ್ಪರ ಮಾತಾಡುವ 'ಕ್ಯಾನ್' ಎಂಬ ಪದ್ಧತಿಯನ್ನು 1986ರಲ್ಲಿ ಲೋಕಕ್ಕೆ ಪರಿಚಯಿಸಿದ್ದು ಜರ್ಮನಿಯ ಬಾಷ್ ಕಂಪನಿ. ಬೆಂಗಳೂರಿನವರಿಗೆ ಬಾಷ್ ಎಂದರೆ ಬೇರೆ ಯಾರೂ ಅಲ್ಲ, 1951ರಲ್ಲಿ ಸ್ಥಾಪನೆಯಾದ ನಮ್ಮ ಮೈಕೋ. 2008ರಲ್ಲಿ ಹೆಸರು ಬದಲಾಯಿತಾದರೂ ಮೈಕೋ ಲೇಔಟಿನ ಹೆಸರು ಹಾಗೇ ಉಳಿದಿದೆ.

ಸಂಕೇತದ ಮೊದಲ ಅಕ್ಷರದಿಂದಲೇ ಅರ್ಧ ಜಾತಕ ತಿಳಿಯುತ್ತದೆ. ಪಿ ಎಂದರೆ ಎಂಜಿನ್ ಮತ್ತು ಗೇರು, ಸಿ ಎಂದರೆ ಬ್ರೇಕ್ ಮುಂತಾದ ಚಾಸಿ ಭಾಗ, ಬಿ ಎಂದರೆ ಬಾಡಿ, ಯು ಎಂದರೆ ಕಂಪ್ಯೂಟರುಗಳ ನಡುವಿನ ಸಂಪರ್ಕ. ನಮ್ಮ ಕಾರಿನಲ್ಲಿ ಬಂದದ್ದು ಪಿ0171. 'ಸಿಸ್ಟಂ ಟೂ ಲೀನ್, ಬ್ಯಾಂಕ್ 1'. ಲೀನ್ ಎಂದರೆ ಸಣಕಲು ಎಂದು ಬಿ.ಎ. ಹೇಳಿಕೊಟ್ಟಿತ್ತು, ಇಲ್ಲಿ ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಡಿಮೆಯಾದ ಮಿಶ್ರಣ ಎಂದರ್ಥವಂತೆ. ಬ್ಯಾಂಕ್ ಎಂದರೆ ದುಡ್ಡಿಡುವ ಬ್ಯಾಂಕಲ್ಲ, ಸಿಲಿಂಡರುಗಳ ಸಾಲು.

ಸಾಕ್ಷಿಯೇ ಕಳ್ಳನೆ?

ಇಲ್ಲಿ ನನಗೊಂದು ವಿಷಯ ಹೊಳೆಯಿತು. ಸೀಳಿದ ಪೈಪಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗಿದೆ. ಅದನ್ನು ಆಕ್ಸಿಜನ್ ಸೆನ್ಸರ್ ಕಂಡು ದೂರು ಹೇಳಿದೆ. ಸರ್ವಿಸ್ ಕೇಂದ್ರದವರು ದೂರು ಕೊಟ್ಟವನನ್ನೇ ಕಳ್ಳನೆಂದು ಹಿಡಿದು ಹೊರಗೆ ಹಾಕಿದ್ದಾರೆ! ಅವರ ಯಂತ್ರ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದು "ಮಿಶ್ರಣ ಸಣಕಲಾಗಿದೆ" ಎಂದಷ್ಟೇ. ಏಕೆ ಎಂದು ಅವರು ಕೇಳಲಿಲ್ಲ.

ಹಾಗಾದರೆ ಏಕೆ ಎಂದು ಹುಡುಕುವುದಕ್ಕೂ ಸ್ಕ್ಯಾನರ್ ಸಹಾಯ ಮಾಡುತ್ತದೆಯೆ? ಮಾಡುತ್ತದೆ. ಎಂಜಿನ್ ಓಡುತ್ತಿರುವಾಗಲೇ ಸೆನ್ಸರುಗಳ ಅಂಕಿಗಳನ್ನು ತೋರಿಸುವ 'ಲೈವ್ ಡೇಟಾ' ಎಂಬ ಭಾಗದಲ್ಲಿ 'ಫ್ಯುಯೆಲ್ ಟ್ರಿಮ್' ಎಂಬ ಒಂದು ಅಂಕಿ ಇದೆ. ಮಿಶ್ರಣ ಸರಿದೂಗಿಸಲು ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬುದರ ಲೆಕ್ಕ ಅದು. ನಿಂತ ಎಂಜಿನ್ನಿನಲ್ಲಿ ಅದು ಇಪ್ಪತ್ತರ ಹತ್ತಿರ ಏರಿದ್ದು, ಆಕ್ಸಿಲರೇಟರ್ ಒತ್ತಿದಾಗ ಇಳಿದುಬಿಟ್ಟರೆ ಎಲ್ಲೋ ಗಾಳಿ ಸೋರುತ್ತಿದೆಯೆಂದು ಅನುಮಾನಿಸಬೇಕು. ಬದಲಿಗೆ ವೇಗ ಹೆಚ್ಚಿದಂತೆ ಅಂಕಿಯೂ ಹೆಚ್ಚಿದರೆ ಪೆಟ್ರೋಲ್ ಪಂಪು, ಫಿಲ್ಟರುಗಳ ಕಡೆ ನೋಡಬೇಕು. ಉಸ್ತಾದರ ಕಿವಿ ಕೇಳಿದ್ದನ್ನೇ ಈ ಅಂಕಿ ಕಣ್ಣಿಗೆ ತೋರಿಸುತ್ತದೆ. ಇದನ್ನು ಓದಿ ಹೇಳಿದಾಗ ಉಸ್ತಾದರು ಮೊದಲ ಬಾರಿಗೆ ನಕ್ಕರು. "ಹಂಗಾದ್ರ ಇದು ನಮ್ಮ ಪೈಕೀನೇ ಅದರಿ!"

ಮೂರು ತರಗತಿಯ ಯಂತ್ರಗಳು

ಮಾರುಕಟ್ಟೆಯಲ್ಲಿ ಸಿಗುವುದನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಪ್ಲಗ್ಗಿಗೆ ಸಿಕ್ಕಿಸಿದರೆ ಬ್ಲೂಟೂತ್ ಮೂಲಕ ಮೊಬೈಲಿಗೆ ಸುದ್ದಿ ಬರುತ್ತದೆ. ಕೆಲವು ನೂರು ರೂಪಾಯಿಗಳಿಂದ ಬೆಲೆ ಶುರು. ಇವುಗಳ ಮೇಲೆ ಇ.ಎಲ್.ಎಂ. 327 ಎಂದು ಬರೆದಿರುತ್ತದೆ. ಅದು ಮೂಲತಃ ಕೆನಡಾದ ಒಂದು ಕಂಪನಿ ಮಾಡಿದ ಚಿಪ್ಪು. ಮೊದಲ ಆವೃತ್ತಿಗೆ ನಕಲು ಮಾಡದಂತೆ ಬೀಗ ಹಾಕಿರಲಿಲ್ಲವಾಗಿ ಲೋಕದ ತುಂಬ ನಕಲುಗಳು ಹುಟ್ಟಿಕೊಂಡವು. ಆ ಕಂಪನಿ 2022ರಲ್ಲಿ ಮುಚ್ಚಿತು. ನಕಲುಗಳಲ್ಲಿ ಕೆಲವು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಕೆಲವು ಕೆಲವೊಂದು ಕಾರಿನೊಡನೆ ಮಾತೇ ಆಡುವುದಿಲ್ಲ. ಮನೆಯವರಿಗೆ ಇದು ಸಾಕು, ಅಂಗಡಿಗೆ ಸಾಲದು.

ಎರಡನೆಯದು ಪರದೆಯಿರುವ ಕೈಯಂತ್ರ ಅಥವಾ ಟ್ಯಾಬ್ಲೆಟ್. ಹಲವು ಕಂಪನಿಗಳ ಕಾರು ಓದುತ್ತದೆ. ಎಂಜಿನ್ ಮಾತ್ರ ಓದುವ ಅಗ್ಗದವು ಕೆಲವು ಸಾವಿರಕ್ಕೆ ಸಿಕ್ಕರೆ, ಎ.ಬಿ.ಎಸ್., ಏರ್‌ಬ್ಯಾಗ್ ಎಲ್ಲವನ್ನೂ ಓದುವವು ಹತ್ತಾರು ಸಾವಿರದಿಂದ ಲಕ್ಷ ದಾಟುತ್ತವೆ. ಮೂರನೆಯದು ಕಾರು ಕಂಪನಿಗಳು ತಮ್ಮ ವರ್ಕ್‌ಶಾಪುಗಳಿಗೆಂದೇ ಮಾಡಿಸಿದ್ದು. ಟೊಯೋಟಾದವರ ಟೆಕ್‌ಸ್ಟ್ರೀಂ ಅಂಥದು. ಒಂದೇ ಮನೆತನದ ಕಾರಿಗೆ ಅದು ಕೊನೆಯ ಮಾತು, ಬೇರೆಯವರ ಕಾರಿಗೆ ನಿರುಪಯೋಗಿ. ಎಲ್ಲ ಬಗೆಯ ಗಾಡಿ ಬರುವ ಗಲ್ಲಿಯ ಅಂಗಡಿಗೆ ಎರಡನೆಯದೇ ಗತಿ. ಆದರೆ ಅದರಲ್ಲಿ ಯಾವುದು?

ಒಂದು ನೋಟ್‌ಬುಕ್, ಕೆಲವು ಪ್ರಶ್ನೆಗಳು

ಬಣ್ಣದ ಪುಸ್ತಕದ ಮುಖಪುಟದಲ್ಲಿ ನೂರಕ್ಕೂ ಹೆಚ್ಚು ಕಾರು ಕಂಪನಿಗಳ ಹೆಸರು ರಾರಾಜಿಸುತ್ತಿದ್ದವು. ಕೊನೆಯ ಪುಟದಲ್ಲಿ ಇರುವೆಯಂಥ ಅಕ್ಷರದಲ್ಲಿ "ಮಾದರಿಗೆ ತಕ್ಕಂತೆ ಕಾರ್ಯಗಳು ಬದಲಾಗಬಹುದು" ಎಂಬ ಅರ್ಥದ ಇಂಗ್ಲಿಷ್ ಸಾಲಿತ್ತು. ನನ್ನ ಬಿ.ಎ. ಸಾರ್ಥಕವಾದದ್ದು ಆ ಒಂದು ಸಾಲಿನಲ್ಲಿ. ಫೆರಾರಿ ಓದುತ್ತದೆ ಎಂದರೆ ನಮಗೇನು ಬಂತು? ನಾಂಪಲ್ಲಿಯ ಗಲ್ಲಿಗೆ ಫೆರಾರಿ ಬರುತ್ತದೆಯೆ?

ಹುಡುಗನಿಗೆ ಒಂದು ನೋಟ್‌ಬುಕ್ ಕೊಟ್ಟೆ. ಒಂದು ತಿಂಗಳು ಅಂಗಡಿಗೆ ಬಂದ ಪ್ರತಿ ಕಾರಿನ ಹೆಸರು, ಇಸವಿ, ಪೆಟ್ರೋಲೋ ಡೀಸೆಲೋ, ತೊಂದರೆ ಏನು, ಸ್ಕ್ಯಾನ್ ಮಾಡಿಸಲು ಹೊರಗೆ ಎಷ್ಟು ಕೊಟ್ಟಿರಿ ಎಂದು ಬರೆಯಲು ಹೇಳಿದೆ. ಮನೆಯ ಖರ್ಚಿನ ಲೆಕ್ಕ ಇಡುವವಳಿಗೆ ಇದೇನೂ ಹೊಸದಲ್ಲ. ತಿಂಗಳ ಕೊನೆಗೆ ನೋಡಿದರೆ ಹೆಚ್ಚಿನವು ಮಾರುತಿ ಮತ್ತು ಹ್ಯುಂಡೈ. ಉಳಿದವು ಟ್ಯಾಕ್ಸಿಯಾಗಿ ಓಡುವ ಡೀಸೆಲ್ ಗಾಡಿಗಳು. ವಿದೇಶಿ ದೊಡ್ಡ ಕಾರು ಒಂದೂ ಇಲ್ಲ. ಹೊರಗೆ ಕೊಟ್ಟದ್ದು ಹನ್ನೆರಡು ಸಲಕ್ಕೆ ಆರು ಸಾವಿರ ರೂಪಾಯಿ.

ಆಮೇಲೆ ಕೇಳಬೇಕಾದ ಪ್ರಶ್ನೆಗಳನ್ನು ಮೂವರೂ ಕೂತು ಬರೆದೆವು. ಈ ಕಾರುಗಳಲ್ಲಿ ಎಂಜಿನ್ ಅಲ್ಲದೆ ಎ.ಬಿ.ಎಸ್., ಏರ್‌ಬ್ಯಾಗ್ ಕೂಡ ಓದುತ್ತದೆಯೆ? ಲೈವ್ ಡೇಟಾವನ್ನು ಗ್ರಾಫಿನಲ್ಲಿ ತೋರಿಸುತ್ತದೆಯೆ? ತೊಂದರೆ ಹುಟ್ಟಿದ ಕ್ಷಣದಲ್ಲಿ ಗಾಡಿಯ ವೇಗ, ಬಿಸಿ ಎಷ್ಟಿತ್ತೆಂಬ 'ಫ್ರೀಜ್ ಫ್ರೇಮ್' ತೋರಿಸುತ್ತದೆಯೆ? ಯಂತ್ರದಿಂದಲೇ ಆಜ್ಞೆ ಕೊಟ್ಟು ಫ್ಯಾನು, ಪಂಪು, ಇಂಜೆಕ್ಟರುಗಳನ್ನು ಓಡಿಸಿ ಪರೀಕ್ಷಿಸಬಹುದೆ? ಡೀಸೆಲ್ ಗಾಡಿಗೆ ಹೊಸ ಇಂಜೆಕ್ಟರ್ ಹಾಕಿದರೆ ಅದರ ಸಂಖ್ಯೆಯನ್ನು ಕಂಪ್ಯೂಟರಿಗೆ ಬರೆಯಬಹುದೆ? ಮೊದಲ ವರ್ಷದ ನಂತರ ಅಪ್‌ಡೇಟಿಗೆ ಎಷ್ಟು ಕೊಡಬೇಕು, ಕೊಡದಿದ್ದರೆ ಯಂತ್ರ ಹಳೆಯ ಕಾರುಗಳನ್ನಾದರೂ ಓದುತ್ತದೆಯೋ ಬೀಗ ಹಾಕಿಕೊಳ್ಳುತ್ತದೆಯೋ? ಕೆಟ್ಟರೆ ರಿಪೇರಿ ಹೈದರಾಬಾದಿನಲ್ಲೇ ಆಗುತ್ತದೆಯೆ? ಜಿ.ಎಸ್.ಟಿ. ಬಿಲ್ಲು ಉಂಟೆ? ಕೊನೆಯದಾಗಿ, ದುಡ್ಡು ಕೊಡುವ ಮೊದಲು ನಮ್ಮ ಅಂಗಡಿಯ ಮುಂದೆ, ನಾವು ಹೇಳಿದ ಮೂರು ಕಾರುಗಳ ಮೇಲೆ ಜೋಡಿಸಿ ತೋರಿಸುತ್ತೀರಾ?

ಈ ಕೊನೆಯ ಪ್ರಶ್ನೆಗೆ ಒಬ್ಬ ಮಾರಾಟಗಾರ ಮತ್ತೆ ಫೋನ್ ಎತ್ತಲೇ ಇಲ್ಲ. ಇನ್ನಿಬ್ಬರು ಒಂದು ಭಾನುವಾರ ಬಂದರು. ನಮ್ಮ ಕಾರು, ಒಂದು ಹಳೆಯ ಟ್ಯಾಕ್ಸಿ, ಪಕ್ಕದ ಮನೆಯವರ 2021ರ ಗಾಡಿ ಸಾಲಾಗಿ ನಿಂತವು. ಒಂದು ಲಕ್ಷದ ಮೂವತ್ತು ಸಾವಿರದ ಯಂತ್ರ ನಮ್ಮ ಕಾರಿನ ಎಂಜಿನ್ ಓದಿತು, ಎ.ಬಿ.ಎಸ್. ಓದಲು ಹೋಗಿ ಸುಮ್ಮನೆ ತಿರುಗುತ್ತ ನಿಂತಿತು. ನಲವತ್ತೆಂಟು ಸಾವಿರದ್ದು ಮೂರು ಗಾಡಿಗಳಲ್ಲೂ ಎಲ್ಲವನ್ನೂ ಓದಿತು. ಟ್ಯಾಕ್ಸಿಯ ಫ್ಯಾನನ್ನು ಕುಳಿತಲ್ಲಿಂದಲೇ ತಿರುಗಿಸಿ ತೋರಿಸಿತು. ಇದರಿಂದ ದುಬಾರಿಯದು ಕೆಟ್ಟದ್ದೆಂದಲ್ಲ. ಅದನ್ನು ಬೇರೆ ಕಾರುಗಳಿಗೆ ಮಾಡಿದ್ದಿರಬೇಕು. ಬೆಲೆ ನೋಡಿ ಸೀರೆ ಆರಿಸಬಾರದು, ಉಡುವವಳನ್ನು ನೋಡಿ ಆರಿಸಬೇಕು ಎಂದು ನಮ್ಮತ್ತೆ ಹೇಳುತ್ತಿದ್ದರು.

ತಿಂಗಳಿಗೆ ಆರು ಸಾವಿರ ಉಳಿದರೆ ನಲವತ್ತೆಂಟು ಸಾವಿರ ಎಂಟು ತಿಂಗಳಿಗೆ ತೀರುತ್ತದೆ ಎಂದು ಲೆಕ್ಕ ಹಾಕಿದೆವು. ನಾಲ್ಕರ ಬದಲು ಎರಡೇ ಬಳೆ ಒತ್ತೆಗೆ ಹೋದವು. ಜೊತೆಗೆ ಕೋಠಿಯ ಗುಜರಾತಿ ಗಲ್ಲಿಯಿಂದ ಒಂದು ಒಳ್ಳೆಯ ಮಲ್ಟಿಮೀಟರ್ ತಂದರು. ವೈರಿನಲ್ಲಿ ಕರೆಂಟು ಬರುತ್ತಿದೆಯೋ ಇಲ್ಲವೋ ಎಂದು ಕೊನೆಗೆ ಹೇಳುವುದು ಸ್ಕ್ಯಾನರ್ ಅಲ್ಲ, ಅದು.

ಅಪ್ಪನ ಕೈ, ಮಗನ ಯಂತ್ರ

ಯಂತ್ರ ಬಂದ ಎರಡನೆಯ ವಾರ ಒಂದು ಕಾರು ಬಂತು. ಸಂಕೇತ ಪಿ0301, ಅಂದರೆ ಒಂದನೆಯ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಹುಡುಗ ಉತ್ಸಾಹದಿಂದ "ಕಾಯಿಲ್ ಹೋಗ್ಯದ, ಬದಲ್ ಮಾಡ್ಬೇಕು" ಎಂದ. ಉಸ್ತಾದರು ತಡೆದರು. ಒಂದನೆಯ ಕಾಯಿಲನ್ನು ಎರಡನೆಯದರ ಜಾಗಕ್ಕೆ, ಎರಡನೆಯದನ್ನು ಒಂದನೆಯದರ ಜಾಗಕ್ಕೆ ಹಾಕಿಸಿದರು. ಕಾಯಿಲ್ ಕೆಟ್ಟಿದ್ದರೆ ಸಂಕೇತವೂ ಅದರ ಹಿಂದೆಯೇ ಹೋಗಿ 302 ಆಗಬೇಕು. ಆಗಲಿಲ್ಲ, 301 ಅಲ್ಲೇ ನಿಂತಿತು. ಆಮೇಲೆ ಸ್ಪಾರ್ಕ್ ಪ್ಲಗ್ಗನ್ನು ಮೂರನೆಯದರ ಜೊತೆ ಅದಲುಬದಲು ಮಾಡಿದರು. ಈಗ ಬಂದದ್ದು 303! ಪ್ಲಗ್ಗಿನ ಬಿಳಿಯ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕು. ಸಾವಿರಾರು ರೂಪಾಯಿಯ ಕಾಯಿಲ್ ಉಳಿಯಿತು, ಕೆಲವು ನೂರರ ಪ್ಲಗ್ಗಿನಲ್ಲಿ ಕೆಲಸವಾಯಿತು.

ಅಂದು ಸಂಜೆ ಹುಡುಗ ನಮ್ಮ ಮನೆಗೆ ಬಂದು, "ಆಂಟಿ, ಮಷಿನ್ ಬಂದ್ರ ಅಬ್ಬಾನ ಕೆಲಸ ಮುಗೀತು ಅಂದ್ಕೊಂಡಿದ್ದೆ. ಮಷಿನ್ ನಂಬರ್ ಹೇಳ್ತದ, ಮುಂದಿಂದು ಅಬ್ಬಾನೇ ಹೇಳ್ಬೇಕು," ಎಂದ. ಬೇರೆ ಕೆಲಸದ ಮಾತು ಅವನು ಮತ್ತೆ ಎತ್ತಿಲ್ಲ.

ಕಾರಿಟ್ಟುಕೊಂಡ ಮನೆಯವರಿಗೂ ನಾಲ್ಕು ಮಾತು. ಹಳದಿ ದೀಪ ಸುಮ್ಮನೆ ಹತ್ತಿದ್ದರೆ ಗಾಬರಿ ಬೇಡ, ಎರಡು ದಿನದೊಳಗೆ ತೋರಿಸಿ. ಅದೇ ದೀಪ ಮಿಣುಕುತ್ತಿದ್ದರೆ ಎಂಜಿನ್ನಿನಲ್ಲಿ ಪೆಟ್ರೋಲ್ ಉರಿಯದೆ ಹೊಗೆಕೊಳವೆಗೆ ಹೋಗುತ್ತಿದೆಯೆಂದು ಅರ್ಥ. ಹಾಗೇ ಓಡಿಸಿದರೆ ದುಬಾರಿಯ ಕೆಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುತ್ತದೆ, ನಿಧಾನಿಸಿ ನಿಲ್ಲಿಸಿ. ಎಣ್ಣೆಯ ಅಥವಾ ಬಿಸಿಯ ಕೆಂಪು ದೀಪವಾದರೆ ಆ ಕ್ಷಣವೇ ನಿಲ್ಲಿಸಿ. ಮನೆಯಲ್ಲಿ ಪುಟ್ಟ ಬ್ಲೂಟೂತ್ ಯಂತ್ರವಿದ್ದರೆ ಸಂಕೇತ ಓದಿ ಬರೆದುಕೊಳ್ಳಿ, ಅಳಿಸಬೇಡಿ. ಅಳಿಸಿದರೆ ಮೆಕ್ಯಾನಿಕ್ಕಿಗೆ ಬೇಕಾದ ಫ್ರೀಜ್ ಫ್ರೇಮೂ ಅಳಿಸಿಹೋಗುತ್ತದೆ. ಅದನ್ನು ಸದಾ ಸಿಕ್ಕಿಸಿಯೂ ಇಡಬೇಡಿ; ಆ ಪ್ಲಗ್ಗಿಗೆ ಯಾವಾಗಲೂ ಬ್ಯಾಟರಿಯ ಸಂಪರ್ಕವಿರುತ್ತದೆ, ಕಾರು ವಾರಗಟ್ಟಲೆ ನಿಂತರೆ ಬ್ಯಾಟರಿ ಇಳಿದೀತು. ಯಾವ ಗ್ಯಾರೇಜಿನಲ್ಲೇ ಆಗಲಿ "ಈ ಭಾಗ ಬದಲಿಸಬೇಕು" ಎಂದರೆ, ಯಾವ ಸಂಕೇತ ಬಂತು, ಈ ಭಾಗವೇ ಕೆಟ್ಟಿದೆಯೆಂದು ಹೇಗೆ ಪರೀಕ್ಷಿಸಿದಿರಿ ಎಂದು ವಿನಯವಾಗಿ ಕೇಳಿ. ಪರೀಕ್ಷೆ ಮಾಡಿದವರು ಸಂತೋಷದಿಂದ ಹೇಳುತ್ತಾರೆ.

ಎಂಟು ತಿಂಗಳ ನಮ್ಮ ಲೆಕ್ಕ ಹನ್ನೊಂದು ತಿಂಗಳಾಯಿತು, ನಡುವೆ ಮಳೆಗಾಲದಲ್ಲಿ ಕೆಲಸ ಕಡಿಮೆಯಿತ್ತು. ಬಳೆಗಳನ್ನು ಬಿಡಿಸಿಕೊಂಡು ಬಂದ ದಿನ ಉಸ್ತಾದರ ಮನೆಯಾಕೆ ಒಂದು ಡಬ್ಬಿ ಖುಬಾನಿ ಕಾ ಮೀಠಾ ಕಳಿಸಿದ್ದರು. ಡಬ್ಬಿಯನ್ನು ಖಾಲಿ ಕಳಿಸಬಾರದಲ್ಲ, ನಾನು ಹೋಳಿಗೆ ತುಂಬಿ ಕಳಿಸಿದೆ. ಆ ನೋಟ್‌ಬುಕ್ಕನ್ನು ಹುಡುಗ ಇನ್ನೂ ಬರೆಯುತ್ತಿದ್ದಾನೆ. ಅಪ್‌ಡೇಟಿಗೆ ದುಡ್ಡು ಕಟ್ಟುವ ಸಮಯ ಬಂದಾಗ ಕಟ್ಟಬೇಕೋ ಬೇಡವೋ ಎಂದು ಅದನ್ನೇ ನೋಡಿ ಹೇಳುತ್ತೇನೆ ಎಂದಿದ್ದಾನೆ.